ಆರಿದ್ದು ನೀರು, ಉಪ್ಪಲ್ಲ

ಹೋದ ವಾರ ಕ್ಯಾಲಿಫೋರ್ನಿಯಾದ ಸನಿವೇಲ್‌ನ ಒಂದು ಕಚೇರಿಯಲ್ಲಿ, ಹತ್ತು ಲೀಟರಿನ ಪುಟ್ಟ ಅಕ್ವೇರಿಯಂನಿಂದ ಒಂದು ಹನಿ ತೆಗೆದು, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದೆ. ಲೀಟರಿಗೆ 30 ಗ್ರಾಂ ಉಪ್ಪು! ಐದು ತಿಂಗಳ ಹಿಂದೆ ನಾನೇ 15 ಗ್ರಾಂಗೆ ಹದ ಮಾಡಿಕೊಟ್ಟ ನೀರು ಅದು. ಯಜಮಾನರು ನಮ್ಮ ಕನ್ನಡದವರೇ. "ನೀರು ಇಳಿದಾಗಲೆಲ್ಲ ನೀವು ಹೇಳಿದ ಅಳತೆಯಲ್ಲೇ ಉಪ್ಪು ಕಲಸಿ ಹಾಕಿದ್ದೀನಿ ಸರ್, ಒಂದು ಗ್ರಾಂ ಆಚೀಚೆ ಆಗಿಲ್ಲ" ಎಂದರು. ಅಷ್ಟು ಶ್ರದ್ಧೆಯಿಂದ ಮಾಡಿದ ತಪ್ಪಿಗೆ ಬೈಯಲು ಮನಸ್ಸು ಬರುವುದಿಲ್ಲ. ಆದರೆ ಈ ವರ್ಷ ಇದೇ ತಪ್ಪನ್ನು ಎಷ್ಟು ಕಡೆ ಕಂಡೆನೋ, ಲೆಕ್ಕ ತಪ್ಪಿದೆ.

ಆ ತೊಟ್ಟಿಯಲ್ಲಿದ್ದದ್ದು ಓಪೆ ಉಲಾ, ಹವಾಯಿ ದ್ವೀಪಗಳ ಕೆಂಪು ಸೀಗಡಿ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಅದರ ತವರು ಲಾವಾ ಬಂಡೆಗಳ ನಡುವಿನ ಹೊಂಡಗಳು. ಅವಕ್ಕೆ ಮೇಲಿನಿಂದ ಸಮುದ್ರದ ಸಂಪರ್ಕವಿಲ್ಲ. ಬಂಡೆಯ ಬಿರುಕುಗಳಲ್ಲಿ ಒಂದು ಕಡೆಯಿಂದ ಸಮುದ್ರದ ನೀರು, ಇನ್ನೊಂದು ಕಡೆಯಿಂದ ಸಿಹಿ ಅಂತರ್ಜಲ ಜಿನುಗಿ ಬೆರೆಯುತ್ತವೆ. ನಮ್ಮ ಅಘನಾಶಿನಿ ನದಿಮುಖದ ಗಜನಿ ಗದ್ದೆಗಳ ಸವುಳು (ಅರೆ ಉಪ್ಪು) ನೀರು ಕಂಡವರಿಗೆ ಇದು ಹೊಸದಲ್ಲ. ನಾನು ಆ ಕಡೆಯವನೇ.

ಈಗ ಒಂದೇ ವಿಷಯ ಹೇಳುತ್ತೇನೆ, ಎರಡೆರಡು ಸಲ ಹೇಳುತ್ತೇನೆ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಪೂರ್ತಿ ಒಳಗೇ ಉಳಿಯುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ನಡೆಯುವುದೂ ಇದೇ: ನೀರು ಆರುತ್ತದೆ, ಉಪ್ಪು ಕೂರುತ್ತದೆ. ಲೆಕ್ಕ ನೋಡಿ. ಹತ್ತು ಲೀಟರಿನಲ್ಲಿ 150 ಗ್ರಾಂ ಉಪ್ಪಿತ್ತು. ಎರಡು ಲೀಟರ್ ಆರಿತು, 150 ಗ್ರಾಂ ಹಾಗೇ ಇದೆ. ಹದ ಮಾಡಿದ ಉಪ್ಪುನೀರು ಎರಡು ಲೀಟರ್ ಸುರಿದಿರಿ, ಇನ್ನೂ 30 ಗ್ರಾಂ ಸೇರಿತು. ಹೀಗೆ ಐದು ಸಲ ಮಾಡಿದರೆ 300 ಗ್ರಾಂ. ಲೀಟರಿಗೆ 35 ಗ್ರಾಂ ಇರುವ ಸಮುದ್ರಕ್ಕೆ ಇನ್ನು ಸ್ವಲ್ಪವೇ ಬಾಕಿ! ಆರಿದ ನೀರಿನ ಜಾಗಕ್ಕೆ ಉಪ್ಪಿಲ್ಲದ ನೀರನ್ನೇ ಹಾಕಬೇಕು: ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು. ಉಪ್ಪು ಕಲಸಬೇಕಾದದ್ದು ತೊಟ್ಟಿಯಿಂದ ನೀರನ್ನು ಮೊಗೆದು ಚೆಲ್ಲಿದಾಗ ಮಾತ್ರ, ಏಕೆಂದರೆ ಆಗ ನೀರಿನ ಜೊತೆ ಉಪ್ಪೂ ಹೊರಹೋಗಿರುತ್ತದೆ.

ಓಪೆ ಉಲಾ ಬಹಳ ಗಟ್ಟಿ ಜೀವ, ಉಪ್ಪಿನ ಏರಿಳಿತವನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. 30 ಗ್ರಾಂನಲ್ಲೂ ಸಾಯುತ್ತದೆ ಎಂದು ನಾನು ಹೇಳಲಾರೆ. ಆ ಕಚೇರಿಯಲ್ಲಿ ಎಲ್ಲವೂ ಬದುಕಿಯೇ ಇದ್ದವು. ತಕ್ಷಣ ಏನೂ ಆಗುವುದಿಲ್ಲ ಎನ್ನುವುದೇ ನನ್ನ ಆತಂಕ. ಉಪ್ಪು ಏರುತ್ತಲೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುವ ಜೀವ ಅದು.

ಫ್ರೀಮಾಂಟಿನ ಒಂದು ಮನೆಯಲ್ಲಿ ಇದನ್ನು ಮನೆಯ ಯಜಮಾನರಿಗೆ ಅರ್ಧ ಗಂಟೆ ವಿವರಿಸಿದೆ. ದಾವಣಗೆರೆಯಿಂದ ಬಂದಿದ್ದ ಅವರ ತಾಯಿ ಒಳಗಿನಿಂದಲೇ ಹೇಳಿದರು: "ಅಲ್ಲೋ, ಸಾರು ಕುದ್ದು ಬತ್ತಿದ್ರೆ ನೀರು ಹಾಕ್ತಾರೋ, ಇನ್ನಷ್ಟು ಉಪ್ಪು ಹಾಕ್ತಾರೋ?" ಅಲ್ಲಿಗೆ ಮುಗಿಯಿತು. ನಾನು ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದೆ. ಅಂದಿನಿಂದ ಉಸ್ತುವಾರಿ ಅಮ್ಮನದೇ. "ಪಾಪ, ಇವಕ್ಕೆ ಊಟ ಬೇಡ್ವೇನಪ್ಪಾ?" ಎನ್ನುವುದೊಂದೇ ಅವರ ತಕರಾರು. ಬೆಳಕಿದ್ದರೆ ಕಲ್ಲಿನ ಮೇಲೆ ಬೆಳೆಯುವ ಪಾಚಿಯೇ ಸಾಕಮ್ಮ ಎಂದು ಮೂರು ಸಲ ಹೇಳಿದ್ದೇನೆ.

ನಲ್ಲಿನೀರು ಬೇಡ. ಇಲ್ಲಿನ ಹಲವು ಊರುಗಳಲ್ಲಿ ಕ್ರಿಮಿ ಕೊಲ್ಲಲು ಕ್ಲೋರಮೈನ್ ಬೆರೆಸುತ್ತಾರೆ, ರಾತ್ರಿಯಿಡೀ ತೆರೆದಿಟ್ಟರೂ ಅದು ಹೋಗುವುದಿಲ್ಲ. ಪೈಪಿನಿಂದ ಬರುವ ತಾಮ್ರವಂತೂ ಸೀಗಡಿಗೆ ವಿಷ.

ಉಪ್ಪು ಈಗಾಗಲೇ ಏರಿದ್ದರೆ ಒಂದೇ ದಿನದಲ್ಲಿ ಇಳಿಸಬೇಡಿ. ವಾರಕ್ಕೆರಡು ಸಲ ಒಂದು ಲೋಟ ತೆಗೆದು, ಒಂದು ಲೋಟ ಡಿಸ್ಟಿಲ್ಡ್ ನೀರು ಹಾಕಿ, ಪ್ರತಿ ವಾರ ಅಳೆಯಿರಿ. ಸನಿವೇಲ್‌ನ ಆ ತೊಟ್ಟಿಗೆ ಈಗ ಅದೇ ನಡೆದಿದೆ. ನಿನ್ನೆ ಫೋಟೋ ಕಳಿಸಿದ್ದರು: 28 ಗ್ರಾಂ. ಮೂಲೆಯ ಕಲ್ಲಿನ ಹತ್ತಿರ ಒಂದು ಹೆಣ್ಣು, ಹೊಟ್ಟೆಯಡಿ ಕಡುಗೆಂಪು ಮೊಟ್ಟೆಗಳು.