ಎರಡು ಮೂರು ತಿಂಗಳ ದಿನಸಿ ಮನೆಯಲ್ಲಿ ಇಟ್ಟರೆ ಹುಳ ಬೀಳದ ಹಾಗೆ ಕಾಯೋದು ಹೇಗೆ?

ಪ್ರಶ್ನೆ: ನಾವು ಮಂಡ್ಯದವರು. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು. ಬಂದ್, ಲಾಕ್‌ಡೌನ್, ಬೆಲೆ ಏರಿಕೆ ಎಲ್ಲ ನೋಡಿದ ಮೇಲೆ ಎರಡು ಮೂರು ತಿಂಗಳಿಗಾಗುವಷ್ಟು ದಿನಸಿ ಮನೆಯಲ್ಲೇ ಇರಲಿ ಅನ್ನಿಸುತ್ತೆ. ಆದರೆ ಜಾಸ್ತಿ ತಂದಾಗಲೆಲ್ಲ ಅಕ್ಕಿಗೆ ಹುಳ, ಅಲಸಂದೆಗೆ ತೂತು, ರವೆಗೆ ಬಲೆ. ಏನು ಇಡಬೇಕು, ಎಷ್ಟು ಇಡಬೇಕು, ಕೆಡದ ಹಾಗೆ ಹೇಗೆ ಇಡಬೇಕು?

ಉತ್ತರ: ಎರಡು ತಿಂಗಳಿಗಾಗುವಷ್ಟು ಇಡಿ, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಭಾಗದಲ್ಲಿ ಪೇಟೆ ಮುಚ್ಚಿದ, ದಾರಿ ಕಟ್ಟಿದ ಸಂದರ್ಭಗಳನ್ನು ನೆನಪು ಮಾಡಿಕೊಳ್ಳಿ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಚಳವಳಿ ಕಾವೇರಿದಾಗ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಾಡಿ ಓಡಾಡಲಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲಾ ನದಿ ಉಕ್ಕಿ ಮೈಸೂರು–ನಂಜನಗೂಡು ರಸ್ತೆಯ ಮೇಲೆ ನೀರು ನಿಂತಿತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಇವು ಯಾವುದರಲ್ಲೂ ಊರಿನಲ್ಲಿ ಅಕ್ಕಿಯೇ ಇಲ್ಲ ಅಂತ ಆಗಲಿಲ್ಲ. ಅಂಗಡಿ ತೆರೆಯುವುದು ದಿನಕ್ಕೆ ಕೆಲವೇ ಗಂಟೆ, ಬೇಕಾದ ಸಾಮಾನು ಸಿಕ್ಕರೆ ಸಿಕ್ಕಿತು ಅನ್ನುವ ಪರಿಸ್ಥಿತಿ. ಅಂಥ ದಿನಗಳಲ್ಲಿ ಸಾಲಿನಲ್ಲಿ ನಿಲ್ಲದೆ, ಹೆಚ್ಚು ದುಡ್ಡು ಕೊಡದೆ ಉಣ್ಣುವಂತಿರಬೇಕು. ಅದಕ್ಕೆ ಎರಡು ತಿಂಗಳ ದಾಸ್ತಾನು ಧಾರಾಳ. ವರ್ಷಕ್ಕಾಗುವಷ್ಟು ಪೇರಿಸಿದರೆ ಹುಳ ಸಾಕುವ ಕೆಲಸ ನಿಮ್ಮದಾಗುತ್ತೆ, ಅಷ್ಟೆ.

ಇನ್ನೊಂದು ಮಾತು. ಇದನ್ನು ಕೂಡಿಸಬೇಕಾದ್ದು ಪೇಟೆ ತಣ್ಣಗಿರುವಾಗ, ವಾರಕ್ಕೆ ಸ್ವಲ್ಪ ಸ್ವಲ್ಪ. ನಾಳೆ ಬಂದ್ ಅಂದ ಸಂಜೆ ಮೂಟೆಗಟ್ಟಲೆ ಹೊತ್ತುಕೊಂಡು ಬಂದರೆ, ದಿನಗೂಲಿಯಲ್ಲಿ ಅರ್ಧ ಕೆಜಿ ಬೇಳೆ ತರುವವರ ಪಾಲನ್ನು ನಾವು ತಂದ ಹಾಗಾಗುತ್ತೆ. ಮುಂಚೆಯೇ ಇಟ್ಟುಕೊಂಡವರು ಆ ಸಂಜೆ ಪೇಟೆಗೆ ಹೋಗಬೇಕಿಲ್ಲ, ಅಷ್ಟು ಸಾಮಾನು ಇನ್ನೊಬ್ಬರಿಗೆ ಉಳಿಯುತ್ತೆ.

ಈಗ ಲೆಕ್ಕ. ನಾಲ್ಕು ಜನಕ್ಕೆ ಒಂದು ತಿಂಗಳಿಗೆ ಅಕ್ಕಿ 25 ಕೆಜಿ, ರಾಗಿ 12, ಗೋಧಿ–ರವೆ–ಅವಲಕ್ಕಿ ಎಲ್ಲ ಸೇರಿ 8. ತೊಗರಿಬೇಳೆ 5 ಕೆಜಿ. ಹುರಳಿ, ಹೆಸರು, ಅವರೆ, ಕಡಲೆ ಸೇರಿ ಇನ್ನೊಂದು 5. ಎಣ್ಣೆ 4 ಲೀಟರ್, ಬೆಲ್ಲ–ಸಕ್ಕರೆ 4 ಕೆಜಿ, ಕಡಲೆಕಾಯಿ ಬೀಜ 2 ಕೆಜಿ, ಉಪ್ಪು 2 ಕೆಜಿ, ಹುಣಸೆಹಣ್ಣು 1 ಕೆಜಿ. ಇಷ್ಟರಲ್ಲಿ ತಲೆಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಸಿಗುತ್ತೆ, ತರಕಾರಿ–ಹಾಲು ಬೇರೆ. ಹಾಲಿಲ್ಲದೆ ಆಗದ ಮನೆಗೆ ಒಂದೆರಡು ಕೆಜಿ ಹಾಲಿನ ಪುಡಿ. ಇದರ ಎರಡರಷ್ಟು ನಿಮ್ಮ ಗುರಿ. ಸಕ್ಕರೆ ಕಾಯಿಲೆಯವರು ಮನೆಯಲ್ಲಿದ್ದರೆ ಅಕ್ಕಿ ಕಡಿಮೆ ಮಾಡಿ ಕಾಳು ಹೆಚ್ಚಿಸಿ. ಅವರ ಮಾತ್ರೆಯೂ ಒಂದು ತಿಂಗಳದ್ದು ಮುಂಗಡ ಇರಲಿ.

ಇಂಟರ್ನೆಟ್ಟಿನಲ್ಲಿ ನೋಡಿ ಡಬ್ಬಿಯಲ್ಲಿ ಬರುವ ಬೀನ್ಸು, ಪಾಸ್ತಾ ತಂದಿಡುವವರಿದ್ದಾರೆ. ನಿಮ್ಮ ಮನೆಯಲ್ಲಿ ಮುದ್ದೆ–ಬಸ್ಸಾರು ಉಣ್ಣುವುದಾದರೆ ಮುದ್ದೆ–ಬಸ್ಸಾರಿನ ಸಾಮಾನೇ ಇಡಿ. ದಿನಾ ಖರ್ಚಾಗದ ಸಾಮಾನು ಮೂಲೆಯಲ್ಲೇ ಕೂತು ಕೆಡುತ್ತೆ.

ಹುಳ ಎಲ್ಲಿಂದ ಬರುತ್ತೆ ಅನ್ನುವುದು ಗೊತ್ತಾದರೆ ಅರ್ಧ ತೊಂದರೆ ತೀರಿತು. ಡಬ್ಬ ಮುಚ್ಚಿಟ್ಟರೂ ಒಳಗೆ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದು ಅಂಗಡಿಯಿಂದಲೇ, ಎಷ್ಟೋ ಸಲ ಹೊಲದಿಂದಲೇ ಬಂದಿರುತ್ತೆ. ಅಕ್ಕಿಯ ಮೂತಿಹುಳ ಕಾಳಿಗೆ ಸಣ್ಣ ಕುಳಿ ಕೊರೆದು ಒಳಗೆ ಮೊಟ್ಟೆಯಿಟ್ಟು ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತೆ. ಕಣ್ಣಿಗೆ ಕಾಣಲ್ಲ, ಜರಡಿಗೂ ಸಿಗಲ್ಲ. ಬೆಚ್ಚಗಿನ ತಿಂಗಳಲ್ಲಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಹೊಸ ಹುಳ ಹೊರಗೆ. ಕಾಳಿನ ಹುಳ ಮಾತ್ರ ಮೊಟ್ಟೆಯನ್ನು ಸಿಪ್ಪೆಯ ಮೇಲೇ ಇಡುತ್ತೆ. ಅಲಸಂದೆಯನ್ನೋ ಹೆಸರುಕಾಳನ್ನೋ ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿದ್ದರೆ ಅದೇ ಮೊಟ್ಟೆ. ಉಗುರಿನಲ್ಲಿ ಕೆರೆದರೆ ಬಿಡುತ್ತೆ, ತೊಳೆದರೆ ಸುಲಭಕ್ಕೆ ಹೋಗಲ್ಲ. ಚುಕ್ಕೆ ಕಂಡ ಕಾಳನ್ನು ದಾಸ್ತಾನಿಗೆ ತರಬೇಡಿ. ಈ ಹುಳಕ್ಕೆ ಇಡೀ ಕಾಳು ಬೇಕು, ಒಡೆದ ಬೇಳೆಯಲ್ಲಿ ಅದು ಅಷ್ಟಾಗಿ ಬೆಳೆಯಲ್ಲ. ಅಜ್ಜಿಯರು ಸುಗ್ಗಿಯಲ್ಲೇ ತೊಗರಿಯನ್ನು ಕೆಮ್ಮಣ್ಣು ಕಟ್ಟಿ, ಒಣಗಿಸಿ, ಒಡೆದು ಬೇಳೆ ಮಾಡಿ ಇಡುತ್ತಿದ್ದುದರಲ್ಲಿ ಈ ಲಾಭವೂ ಇತ್ತು.

ಮೊಟ್ಟೆ ಇದ್ದೇ ಇರುತ್ತೆ ಅಂದುಕೊಂಡೇ ಕೆಲಸ ಶುರುಮಾಡಬೇಕು. ಅದನ್ನು ತಡೆಯುವ ದಾರಿ ಎರಡು. ಒಂದು ತೇವ ತೆಗೆಯುವುದು, ಇನ್ನೊಂದು ಗಾಳಿ ತೆಗೆಯುವುದು.

ತೇವದ ಮಾತು ಮೊದಲು. ಧಾನ್ಯದಲ್ಲಿ ನೀರಿನ ಅಂಶ ನೂರಕ್ಕೆ 12ರ ಆಸುಪಾಸಿನಲ್ಲಿರಬೇಕು, ಬೇಳೆಕಾಳಿನಲ್ಲಿ 10ರ ಹತ್ತಿರ. ಮನೆಯಲ್ಲಿ ಅಳೆಯುವುದಕ್ಕೆ ಯಂತ್ರ ಬೇಡ. ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಕಾಳು ಹಾಕಿ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಒಂದೆರಡು ಚಮಚ ಸೇರಿಸಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ 15ಕ್ಕಿಂತ ಹೆಚ್ಚಿದೆ, ಇನ್ನೂ ಒಣಗಬೇಕು. ಉದುರಾಗಿ ಕೆಳಗೆ ಬಿದ್ದರೆ ಮುಂದಿನ ಪರೀಕ್ಷೆಗೆ ನಿಮ್ಮ ಹಲ್ಲು ಸಾಕು, ಕಚ್ಚಿದರೆ ಕಾಳು ಕಟ್ಟೆಂದು ಒಡೆಯಬೇಕು. ರಾಗಿ, ಕಾಳು, ಬೇಳೆಯನ್ನು ಧಾರಾಳವಾಗಿ ಬಿಸಿಲಿಗೆ ಹಾಕಿ. ಅಕ್ಕಿಯನ್ನು ಮಾತ್ರ ಸುಡು ಬಿಸಿಲಿಗೆ ಹರಡಬೇಡಿ, ಬಿರುಕು ಬಿಟ್ಟು ನುಚ್ಚಾಗುತ್ತೆ. ನೆರಳಲ್ಲಿ ಗಾಳಿಯಾಡಿಸಿದರೆ ಸಾಕು. ಒಣಗಿಸಿದ್ದನ್ನು ಬಿಸಿಯಿರುವಾಗಲೇ ಡಬ್ಬಕ್ಕೆ ತುಂಬಿದರೆ ಮುಚ್ಚಳದ ಒಳಗೆ ನೀರು ಕಟ್ಟಿ, ಪಟ್ಟ ಶ್ರಮವೆಲ್ಲ ನೀರುಪಾಲು. ಪೂರ್ತಿ ಆರಿದ ಮೇಲೆ ತುಂಬಿ.

ಇನ್ನು ಗಾಳಿ. ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಮಂಡ್ಯ, ಮೈಸೂರು, ಹಾಸನದ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿಗೆ ತುಂಬುತ್ತಿದ್ದರು. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಬಾಯಿ ಕಿರಿದು ಹೊಟ್ಟೆ ದೊಡ್ಡದು ಮಾಡಿ ಅಗೆದ ಗುಂಡಿ. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಒಳಗಿರುವ ಅಷ್ಟಿಷ್ಟು ಹುಳ ಮತ್ತು ಕಾಳು ಉಸಿರಾಡಿ ಆಮ್ಲಜನಕ ತೀರಿಹೋಗುತ್ತೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತೆ, ಹುಳ ಅಲ್ಲೇ ಸಾಯುತ್ತೆ. ರಾಗಿ ಸಣ್ಣ ಕಾಳಾದ್ದರಿಂದ ನಡುವೆ ಗಾಳಿ ಆಡುವುದೂ ಕಡಿಮೆ. ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಗೇವು ತೆಗೆದಾಗ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗದಲ್ಲಿ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರು ಇಲ್ಲ ಅಂತ ಅರ್ಥ. ಈಗಲೂ ಹಳೆ ಹಗೇವು ಇರುವ ಊರಿನವರು ಈ ಎಚ್ಚರ ಮರೆಯಬಾರದು. ಜೀವದ ಪ್ರಶ್ನೆ. 1876–78ರ, ಧಾತು–ಈಶ್ವರ ಸಂವತ್ಸರಗಳ ಬರದ ನಂತರದ ಕಥೆ ಜನಗಣತಿಯಲ್ಲೇ ಇದೆ: 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಅಂಥ ಬರ ಕಂಡ ನಾಡಿನಲ್ಲಿ ರಾಗಿ ತುಂಬಿದ ಹಗೇವು ಅಂದರೆ ಮನೆಯ ಜೀವವಿಮೆ.

ಮಂಡ್ಯದ ಬಾಡಿಗೆ ಮನೆಯಲ್ಲಿ ಗುಂಡಿ ತೋಡಲಾಗಲ್ಲ, ಆದರೆ ಅದೇ ಸೂತ್ರವನ್ನು ಬಾಟಲಿಯಲ್ಲಿ ನಡೆಸಬಹುದು. ತಂಪು ಪಾನೀಯದ 2 ಲೀಟರ್ ಬಾಟಲಿಯನ್ನು ತೊಳೆದು ಬಿಸಿಲಲ್ಲಿ ತೇವದ ಪಸೆಯೂ ಉಳಿಯದ ಹಾಗೆ ಒಣಗಿಸಿ. ಸುಮಾರು ಒಂದೂವರೆ ಕೆಜಿ ಅಕ್ಕಿ ಹಿಡಿಯುತ್ತೆ. ತುಂಬುವಾಗ ನೆಲಕ್ಕೆ ಕುಟ್ಟಿ ಕುಟ್ಟಿ ಕಂಠದ ತನಕ ತುಂಬಿ, ಮುಚ್ಚಳ ಬಿಗಿ ಮಾಡಿ. ಅರ್ಧ ತುಂಬಿದ ಬಾಟಲಿಯಲ್ಲಿ ಗಾಳಿ ಉಳಿದು ಕೆಲಸ ಕೆಡುತ್ತೆ. 25 ಕೆಜಿಯ ಒಂದೇ ಡ್ರಮ್ಮು ಇಟ್ಟರೆ ದಿನಾ ತೆಗೆಯುವಾಗ ಹೊಸ ಗಾಳಿ, ಹೊಸ ತೇವ ಒಳಗೆ ಹೋಗುತ್ತೆ. ಅದಕ್ಕೇ ಸಣ್ಣ ಸಣ್ಣದಾಗಿ ತುಂಬುವುದು. ಒಂದು ತೆರೆದರೆ ಉಳಿದವು ಭದ್ರ. ಹೆಚ್ಚು ಇಡುವವರಿಗೆ ಗಾಳಿಯಾಡದ ಪದರದ ಧಾನ್ಯದ ಚೀಲಗಳೂ ಸಿಗುತ್ತವೆ. ಪ್ರತಿ ಬಾಟಲಿಗೆ ತಿಂಗಳು ಬರೆದ ಪಟ್ಟಿ ಅಂಟಿಸಿ. ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ. ನೆಲದ ಮೇಲೆ ನೇರವಾಗಿ ಇಡದೆ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ. ತಾರಸಿಯ ಕೆಳಗಿನ ಅಟ್ಟ ಬೇಡ, ಏಪ್ರಿಲ್ಲಿನಲ್ಲಿ ಅಲ್ಲಿ ಕಾವು ಹೆಚ್ಚು, ಎಣ್ಣೆ ಮತ್ತು ಕಡಲೆಕಾಯಿ ಬೀಜ ಮೊದಲು ಕಮಟುತ್ತವೆ.

ರವೆ, ಹುರಿಗಡಲೆ, ಮೈದಾಕ್ಕೆ ಫ್ರೀಜರ್ ಒಳ್ಳೆಯದು. ಎರಡು ಕೆಜಿಯ ಪೊಟ್ಟಣವನ್ನು ಗಾಳಿ ಹೋಗದ ಕವರಿನಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತೆ. ಹೊರಗೆ ತೆಗೆದ ಮೇಲೆ ತಣ್ಣಗೆ ಇರುವಾಗ ಬಿಚ್ಚಬೇಡಿ, ಬೆವರುತ್ತೆ. ಬೇಳೆಗೆ ಹರಳೆಣ್ಣೆ ಸವರುವ ಪದ್ಧತಿ ಚೆನ್ನಾಗಿದೆ, ಕೆಜಿಗೆ ಒಂದು ಚಿಕ್ಕ ಚಮಚ ಸಾಕು. ಎಣ್ಣೆಯ ಪದರದಿಂದ ಮೊಟ್ಟೆಗೆ ಉಸಿರು ಕಟ್ಟುತ್ತೆ. ಬಿತ್ತನೆಗೆ ಇಡುವ ಅವರೆಗೆ ಬೂದಿ ಬೆರೆಸುವುದೂ ಇಂಥದ್ದೇ ಉಪಾಯ, ಬೂದಿ ಹುಳದ ಮೈಯ ಮೇಲಿನ ಮೇಣ ತಿಕ್ಕಿ ಒಣಗಿಸುತ್ತೆ. ಬೇವಿನ ಸೊಪ್ಪು, ಲವಂಗ, ಬಜೆ ಹಾಕಿ, ಬೇಡ ಅನ್ನಲ್ಲ. ಆದರೆ ಅವು ಹುಳವನ್ನು ಸ್ವಲ್ಪ ದೂರ ಇಡುತ್ತವೆ ಅಷ್ಟೆ, ಒಳಗಿರುವ ಮೊಟ್ಟೆಗೆ ಏನೂ ಮಾಡುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಮೂಟೆಗೆ ಹಾಕುವ ಗುಳಿಗೆ ಅಂತ ಕೊಡುವ ಅಲ್ಯುಮಿನಿಯಂ ಫಾಸ್ಫೈಡ್ ಅನ್ನು ಯಾವ ಕಾರಣಕ್ಕೂ ಮನೆಯೊಳಗೆ ತರಬೇಡಿ. ತೇವ ತಗುಲಿದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮತ್ತೆ ಏಳದೇ ಇರಬಹುದು. ಅದು ಗೋದಾಮಿನ ಮದ್ದು. ಪಾದರಸದ ಗುಳಿಗೆಯೂ ಬೇಡ, ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಅಭ್ಯಾಸವೂ ಬೇಡ. ಹಾಗೆಯೇ ಬೂಷ್ಟು ಹಿಡಿದ ಕಡಲೆಕಾಯಿ ಬೀಜ, ಕೊಬ್ಬರಿ, ಜೋಳವನ್ನು ತೊಳೆದು ಹುರಿದು ಉಳಿಸಿಕೊಳ್ಳಲು ಹೋಗಬೇಡಿ. ಆ ಬೂಷ್ಟಿನ ವಿಷ ಒಲೆಯ ಬಿಸಿಗೆ ಹೋಗುವುದಿಲ್ಲ. ಹುಳ ಬಿದ್ದ ಅಕ್ಕಿಯನ್ನು ಕೇರಿ ತೊಳೆದು ಉಣ್ಣಬಹುದು, ಬೂಷ್ಟು ಹಿಡಿದದ್ದು ತಿಪ್ಪೆಗೆ.

ತುಂಬುವ ಕಾಲ ಯಾವುದು? ಸಂಕ್ರಾಂತಿಯಿಂದ ಯುಗಾದಿ ದಾಟಿ ಮುಂಗಾರು ಹಿಡಿಯುವ ತನಕ. ಹೊಸ ರಾಗಿ, ತೊಗರಿ ಬಂದಿರುತ್ತೆ, ಹುಣಸೆಹಣ್ಣು, ಒಣಮೆಣಸಿನಕಾಯಿ ಬರುತ್ತೆ, ಬಿಸಿಲೂ ಚುರುಕು. ಮೈಸೂರಿನ ಸಂತೆಪೇಟೆಯಲ್ಲೋ ಮಂಡ್ಯದ ಪೇಟೆಬೀದಿಯಲ್ಲೋ ಮೂಟೆ ಲೆಕ್ಕದಲ್ಲಿ ಕೊಂಡು ಎರಡು ಮೂರು ಮನೆಯವರು ಹಂಚಿಕೊಂಡರೆ ಬೆಲೆಯೂ ಇಳಿಯುತ್ತೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ದಾಸ್ತಾನು ತುಂಬಬೇಡಿ, ಆಗ ತಿಂದು ಖಾಲಿ ಮಾಡುವ ಕಾಲ. ರಾಗಿಯನ್ನು ಕಾಳಾಗಿಯೇ ಇಡಿ, ಹಿಟ್ಟು ಹದಿನೈದು ದಿನಕ್ಕಾಗುವಷ್ಟು ಮಾತ್ರ. ಹಿಟ್ಟು ಬೇಗ ಕಮಟುತ್ತೆ. ಆದರೆ ಆ ಹದಿನೈದು ದಿನದ್ದು ಯಾವಾಗಲೂ ಇರಲೇಬೇಕು, ಕರೆಂಟು ಹೋದರೆ ಮಿಲ್ಲೂ ನಿಲ್ಲುತ್ತೆ, ಬೀಸುಕಲ್ಲು ಈಗ ಎಷ್ಟು ಮನೆಯಲ್ಲಿದೆ?

ತರಕಾರಿ ಸಿಗದ ವಾರಕ್ಕೆ ನಮ್ಮಲ್ಲಿ ಆಗಲೇ ಇರುವ ಸಾಮಾನು ನೋಡಿ: ಬಾಳಕದ ಮೆಣಸಿನಕಾಯಿ, ಸಂಡಿಗೆ, ಒಣಗಿಸಿದ ಹಿತಕಬೇಳೆ, ಉಪ್ಪಿನಕಾಯಿ. ಮೇಲುಕೋಟೆಯ ಪುಳಿಯೋಗರೆ ಗೊಜ್ಜು ತಿಂಗಳಾನುಗಟ್ಟಲೆ ಕೆಡದಿರುವುದು ಸುಮ್ಮನೆ ಅಲ್ಲ. ಹುಣಸೆಯ ಹುಳಿ, ಉಪ್ಪು, ಬೆಲ್ಲ, ಮೇಲೆ ತೇಲುವ ಎಣ್ಣೆ, ಮತ್ತೆ ನೀರು ಇಂಗುವ ತನಕ ಕುದಿಸಿದ್ದು, ಇಷ್ಟೂ ಸೇರಿ ಸೂಕ್ಷ್ಮಾಣುಗಳಿಗೆ ಬದುಕಲು ಬಿಡಲ್ಲ. ಮೈಸೂರಿನಲ್ಲಿ ಇದೇ ಶಾಸ್ತ್ರಕ್ಕೆ ಎರಡು ದೊಡ್ಡ ಸಂಸ್ಥೆಗಳಿವೆ: ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ಸೈನಿಕರ ಊಟಕ್ಕೆಂದೇ 1961ರಲ್ಲಿ ಡಿಎಫ್‌ಆರ್‌ಎಲ್ ಅನ್ನುವ ಹೆಸರಿನಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾಲಯ. ಗೊಜ್ಜು ತೆಗೆಯುವಾಗ ಒಂದೇ ಎಚ್ಚರ: ಒದ್ದೆ ಚಮಚ ಹಾಕಬೇಡಿ.

ಕೊನೆಗೆ ಎಲ್ಲರೂ ಮರೆಯುವ ಎರಡು ಸಾಮಾನು, ನೀರು ಮತ್ತು ಗ್ಯಾಸು. ಮೈಸೂರಿಗೆ ನೀರು ಹೊಂಗಳ್ಳಿ, ಮೇಳಾಪುರ, ಬಿದರಗೋಡಿನಿಂದ ಪಂಪಿನಲ್ಲಿ ಬರುತ್ತೆ, ಕರೆಂಟು ನಿಂತರೆ ನಲ್ಲಿಯೂ ನಿಲ್ಲುತ್ತೆ. ಮಂಡ್ಯದಲ್ಲೂ ಬೇರೆ ಕಥೆಯಿಲ್ಲ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಅಂದರೆ ನಿಮ್ಮ ಮನೆಗೆ ವಾರಕ್ಕೆ 140 ಲೀಟರ್, 20 ಲೀಟರಿನ ಏಳು ಕ್ಯಾನು. ಸಿಲಿಂಡರ್ ಎರಡಿದ್ದರೆ ಒಂದು ಮುಗಿದ ದಿನವೇ ಬುಕ್ ಮಾಡಿ. ಕಾಳನ್ನು ರಾತ್ರಿ ನೆನೆಸಿಟ್ಟು ಕುಕ್ಕರಿನಲ್ಲಿ ಬೇಯಿಸಿ, ಗ್ಯಾಸು ಎಷ್ಟೋ ಉಳಿಯುತ್ತೆ. ಒಲೆಯೇ ಹಚ್ಚಲಾಗದ ದಿನಕ್ಕೆ ಐದು ಕೆಜಿ ಅವಲಕ್ಕಿ, ಎರಡು ಕೆಜಿ ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ ಬೀಜ ಬೇರೆಯಾಗಿ ಒಂದು ಡಬ್ಬದಲ್ಲಿರಲಿ. ಹುರಿಹಿಟ್ಟಿಗೆ ಬೆಲ್ಲದ ನೀರು ಹಾಕಿ ಕಲಸಿದರೆ ಮಕ್ಕಳ ಹೊಟ್ಟೆ ತುಂಬುತ್ತೆ. ಅದು ಹಿಟ್ಟಾದ್ದರಿಂದ ತಿಂಗಳಿಗೊಮ್ಮೆ ತಿಂದು ಮುಗಿಸಿ ಹೊಸದು ಮಾಡಿಡಿ.