ಹಳೆ ವಿಡಿಯೋ ಗೇಮ್‌ಗೆ ಹೊಸ ಕ್ಯಾಸೆಟ್: ಹೋಮ್‌ಬ್ರೂ ಗೊಂದಲ ಶುರುವಾದದ್ದು ಎಲ್ಲಿಂದ?

2023ರ ಸೆಪ್ಟೆಂಬರ್‌ನಲ್ಲಿ ಅಟಾರಿ ಎಂಬ ವಿಡಿಯೋ ಗೇಮ್ ಕಂಪನಿ ಅಟಾರಿಏಜ್ ಅನ್ನು ಕೊಂಡುಕೊಂಡಿತು. ಹಳೆ ಅಟಾರಿ ಯಂತ್ರಗಳಿಗೆ ಹವ್ಯಾಸಿಗಳು ಬರೆದ ಗೇಮ್‌ಗಳನ್ನು ಕಾರ್ಟ್ರಿಜ್‌ಗೆ (ಯಂತ್ರಕ್ಕೆ ಸಿಕ್ಕಿಸುವ, ನಾವು ಕ್ಯಾಸೆಟ್ ಅನ್ನುತ್ತಿದ್ದ ಡಬ್ಬಿಗೆ) ಹಾಕಿ, ಪೆಟ್ಟಿಗೆ-ಪುಸ್ತಕದ ಸಮೇತ ಮಾರುತ್ತಿದ್ದ ಅಂಗಡಿ ಅದು. ಹವ್ಯಾಸಿಗಳ ಇಂಥ ಗೇಮ್‌ಗಳಿಗೇ ಹೋಮ್‌ಬ್ರೂ ಅನ್ನುವುದು. ಅದೇ ಹೊತ್ತಿನಲ್ಲಿ ಆ ಅಂಗಡಿಯ ಪಟ್ಟಿಯಿಂದ ಹಲವು ಗೇಮ್‌ಗಳು ಇಳಿದವು. ಬೇರೆ ಕಂಪನಿಗಳ ಹೆಸರು, ಪಾತ್ರ, ಚಿತ್ರ ಬಳಸಿದ್ದ ಗೇಮ್‌ಗಳವು. ಆಮೇಲೆ ಜಗಳ ಜೋರಾಯಿತು. ಕದ್ದ ಮಾಲು, ಹೋದದ್ದೇ ಸರಿ ಎಂದರು ಕೆಲವರು. ಇಷ್ಟು ವರ್ಷ ಆ ಯಂತ್ರವನ್ನು ಬದುಕಿಸಿದವರಿಗೇ ಬಾಗಿಲು ಹಾಕಿದರು ಎಂದರು ಇನ್ನು ಕೆಲವರು.

ಈ ಜಗಳದಲ್ಲಿ ಎರಡು ಬೇರೆ ಪ್ರಶ್ನೆಗಳು ಸಿಕ್ಕಿಹಾಕಿಕೊಂಡಿವೆ. ಒಂದು, ಯಾರದೋ ಕಂಪನಿ ಮಾಡಿದ ಯಂತ್ರಕ್ಕೆ ಹೊರಗಿನವರು ಗೇಮ್ ಬರೆಯಬಹುದೇ? ಇನ್ನೊಂದು, ಬರೆದ ಗೇಮ್‌ನಲ್ಲಿ ಇನ್ನೊಬ್ಬರ ಪಾತ್ರ ಬಳಸಬಹುದೇ? ಮೊದಲನೆಯದಕ್ಕೆ ಉತ್ತರ ಸಿಕ್ಕಿ ಮೂವತ್ತು ವರ್ಷ ದಾಟಿದೆ. ಎರಡನೆಯದು ಬೇರೆಯದೇ ಕಥೆ. ಎರಡನ್ನೂ ಒಂದೇ ಗಂಟು ಮಾಡಿ ಮಾತಾಡುವುದರಿಂದಲೇ ಹೋಮ್‌ಬ್ರೂ ಅಂದ ಕೂಡಲೇ ಪೈರಸಿ ಅನ್ನುವ ಮಾತು ಬರುತ್ತದೆ.

ಮೊದಲ ಪ್ರಶ್ನೆ ಎದ್ದದ್ದು ಹವ್ಯಾಸಿಗಳಿಂದಲ್ಲ, ಅಟಾರಿಯ ಒಳಗಿನಿಂದಲೇ. ಅವರ ಅಟಾರಿ 2600 ಎಂಬ ಗೇಮ್ ಯಂತ್ರ ಮಾರುಕಟ್ಟೆಗೆ ಬಂದದ್ದು 1977ರಲ್ಲಿ. ಆ ಕಾಲದಲ್ಲಿ ಗೇಮ್ ಬರೆದವರ ಹೆಸರು ಪೆಟ್ಟಿಗೆಯ ಮೇಲೆ ಇರುತ್ತಿರಲಿಲ್ಲ. ಸಂಬಳ ಬಿಟ್ಟರೆ ಮಾರಾಟದಲ್ಲಿ ಪಾಲೂ ಇರಲಿಲ್ಲ. ಬೇಸತ್ತ ಡೇವಿಡ್ ಕ್ರೇನ್ ಮತ್ತವರ ಮೂವರು ಸಹೋದ್ಯೋಗಿಗಳು ಹೊರಬಂದು 1979ರಲ್ಲಿ ಆಕ್ಟಿವಿಷನ್ ಕಟ್ಟಿದರು, ಅದೇ ಯಂತ್ರಕ್ಕೆ ಗೇಮ್ ಮಾರತೊಡಗಿದರು. ಅಟಾರಿ ಕೋರ್ಟಿಗೆ ಹೋಯಿತು. 1982ರಲ್ಲಿ ರಾಯಲ್ಟಿಯ ಲೆಕ್ಕದಲ್ಲಿ ರಾಜಿಯಾಯಿತು. ಅಲ್ಲಿಂದ ಯಾರು ಬೇಕಾದರೂ ಗೇಮ್ ಮಾಡುವಂತಾಯಿತು, ಯಾರು ಯಾರೋ ಮಾಡಿದರು, ಅಂಗಡಿಗಳಲ್ಲಿ ಕಳಪೆ ಗೇಮ್ ರಾಶಿ ಬಿತ್ತು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆಯೇ ಕುಸಿಯಿತು.

ಆ ಕುಸಿತ ನೋಡಿ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ ಕಂಪನಿ. ಜಪಾನ್‌ನಲ್ಲಿ 1983ರಲ್ಲಿ ಬಂದ ಅವರ ಫ್ಯಾಮಿಕಾಮ್ ಯಂತ್ರಕ್ಕೆ ಬೀಗ ಇರಲಿಲ್ಲ. 1985ರಲ್ಲಿ ಅದನ್ನೇ ಎನ್‌ಇಎಸ್ ಎಂಬ ಹೆಸರಲ್ಲಿ ಅಮೆರಿಕಕ್ಕೆ ತಂದಾಗ ಒಳಗೊಂದು ಚಿಪ್ ಕೂರಿಸಿದರು. ಅದರ ಜೋಡಿ ಚಿಪ್ ಕಾರ್ಟ್ರಿಜ್‌ನಲ್ಲಿ ಇರಬೇಕು. ಎರಡೂ ಸದಾ ಮಾತಾಡಿಕೊಳ್ಳುತ್ತಿರುತ್ತವೆ. ಮಾತು ತಪ್ಪಿದರೆ ಯಂತ್ರ ಸೆಕೆಂಡಿಗೊಮ್ಮೆ ರೀಸೆಟ್ ಆಗುತ್ತದೆ, ಕೆಂಪು ದೀಪ ಮಿಣಮಿಣ ಅನ್ನುತ್ತದೆ, ಗೇಮ್ ಶುರುವಾಗುವುದೇ ಇಲ್ಲ. ಲೈಸೆನ್ಸ್ ಪಡೆದ ಕಂಪನಿಗೂ ವರ್ಷಕ್ಕೆ ಐದೇ ಗೇಮ್ ಎಂಬ ಮಿತಿ ಇತ್ತು. ಗುಣಮಟ್ಟ ಕಾಯುವ ಬೀಗ ಅಂದರು. ಯಾರು ಗೇಮ್ ಮಾಡಬೇಕು ಎಂದು ತೀರ್ಮಾನಿಸುವ ಕೀಲಿಕೈಯೂ ಅದೇ ಆಯಿತು.

ಬೀಗ ಮುರಿಯಲು ಹೋದವರ ಪ್ರಕರಣಗಳು 1992ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟುಗಳಲ್ಲಿ ತೀರ್ಮಾನವಾದವು. ಅಟಾರಿ ಗೇಮ್ಸ್ ಎಂಬ ಕಂಪನಿ ನಿಂಟೆಂಡೊ ಚಿಪ್‌ನ ಪ್ರೋಗ್ರಾಂ ಪ್ರತಿಯನ್ನು ಕಾಪಿರೈಟ್ ಕಚೇರಿಯಿಂದ ಸುಳ್ಳು ಕಾರಣ ಕೊಟ್ಟು ತರಿಸಿಕೊಂಡಿತ್ತು. ಅವರಿಗೆ ಹಿನ್ನಡೆಯಾಯಿತು. ಆಕೊಲೇಡ್ ಎಂಬ ಇನ್ನೊಂದು ಕಂಪನಿ ಸೆಗಾ ಕಂಪನಿಯ ಗೇಮ್ ಯಂತ್ರವನ್ನು ತಾನೇ ಬಿಚ್ಚಿ, ಕೋಡ್ ಓದಿ, ಅದು ಕೆಲಸ ಮಾಡುವ ಬಗೆ ಕಂಡುಕೊಂಡು ಗೇಮ್ ಬರೆದಿತ್ತು. ಅವರ ಪರವಾಗಿ ತೀರ್ಪು ಬಂತು. ಹೊಂದಿಕೊಳ್ಳುವ ಹೊಸ ಗೇಮ್ ಮಾಡಲು ಬೇರೆ ದಾರಿ ಇಲ್ಲದಾಗ ಹೀಗೆ ಬಿಚ್ಚಿ ಓದುವುದು ತಪ್ಪಲ್ಲ ಎಂದಿತು ಕೋರ್ಟ್. ಇಂದಿನ ಹೋಮ್‌ಬ್ರೂ ನಿಂತಿರುವುದು ಈ ಎರಡನೇ ತೀರ್ಪಿನ ನೆಲದ ಮೇಲೆ. ಪೈರಸಿ ಅನ್ನುವವರು ಇದನ್ನೊಂದು ಸಲ ಓದಬೇಕು.

ಅದೇ 1992ರ ಆರಂಭದಲ್ಲಿ ಅಟಾರಿ 2600 ಉತ್ಪಾದನೆ ನಿಂತಿತು. ಮೂರು ವರ್ಷದ ಮೇಲೆ, 1995ರಲ್ಲಿ, ಎಡ್ ಫೆಡರ್‌ಮೇಯರ್ ಎಂಬವರು ಆ ಯಂತ್ರಕ್ಕೆ ‘ಎಡ್‌ಟ್ರಿಸ್ 2600’ ಬರೆದರು. 2600ರ ಮೊದಮೊದಲ ಹೋಮ್‌ಬ್ರೂ ಗೇಮ್‌ಗಳಲ್ಲಿ ಅದೊಂದು. ಹೆಸರು ನೋಡಿದರೇ ಗೊತ್ತಾಗುತ್ತದೆ, ಅದು ಬೇರೆಯವರ ಹೆಸರಾಂತ ಗೇಮ್ ಟೆಟ್ರಿಸ್ ಮಾದರಿಯದ್ದು. ಅಂದರೆ ಎರಡನೇ ಪ್ರಶ್ನೆ ಹೋಮ್‌ಬ್ರೂ ಜೊತೆಗೇ ಹುಟ್ಟಿದೆ.

ಈ ಯಂತ್ರಕ್ಕೆ ಗೇಮ್ ಬರೆಯುವುದು ಎಷ್ಟು ಕಷ್ಟ ಅನ್ನುವುದು ಗೊತ್ತಾಗದೆ ಈ ಜನರ ಹಟ ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಅಟಾರಿ 2600ರಲ್ಲಿ ಇರುವ ರ‍್ಯಾಮ್ 128 ಬೈಟ್. ಮೊಬೈಲಿನ ಒಂದು ಎಸ್ಸೆಮ್ಮೆಸ್ಸೇ 140 ಬೈಟ್ ಹಿಡಿಯುತ್ತದೆ, ಅದಕ್ಕಿಂತ ಕಡಿಮೆ. ಆಟಗಾರ ಎಲ್ಲಿದ್ದಾನೆ, ಶತ್ರು ಎಲ್ಲಿದ್ದಾನೆ, ಸ್ಕೋರ್ ಎಷ್ಟು, ಎಷ್ಟು ಜೀವ ಉಳಿದಿದೆ, ಎಲ್ಲ ಇದರಲ್ಲೇ ಹಿಡಿಸಬೇಕು. ಪರದೆಯ ಚಿತ್ರ ಇಟ್ಟುಕೊಳ್ಳಲು ಜಾಗವೇ ಇಲ್ಲ. ಮತ್ತೆ ಚಿತ್ರ ಹೇಗೆ ಬರುತ್ತದೆ? ಹಳೆ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತ ಕೆಳಗಿಳಿಯುತ್ತದೆ. ಪ್ರೋಗ್ರಾಂ ಆ ಕಿರಣದ ಜೊತೆಗೇ ಓಡಬೇಕು. ಈ ಗೆರೆಯಲ್ಲಿ ಏನಿರಬೇಕು ಅನ್ನುವುದನ್ನು ಕಿರಣ ಅಲ್ಲಿಗೆ ಬರುವ ಮೊದಲೇ ಟಿಐಎ ಎಂಬ ಚಿಪ್‌ಗೆ ಹೇಳಬೇಕು. ಮುಂದಿನ ಗೆರೆಗೆ ಮತ್ತೆ ಹೊಸದಾಗಿ ಹೇಳಬೇಕು. ಒಂದು ಗೆರೆಗೆ ಸಿಗುವುದು ಪ್ರೊಸೆಸರ್‌ನ 76 ಸೈಕಲ್ (ಅದರ ಗಡಿಯಾರದ ಮಿಡಿತ) ಮಾತ್ರ. ಅತಿ ಸಣ್ಣ ಆದೇಶಕ್ಕೂ 2 ಸೈಕಲ್ ಬೇಕು. ಬಹುಪಾಲು ಆದೇಶಗಳಿಗೆ 3, 4, 5. ಲೆಕ್ಕ ಹಾಕಿ ನೋಡಿ, ಒಂದು ಗೆರೆಗೆ ಸಾಮಾನ್ಯವಾಗಿ ಇಪ್ಪತ್ತು-ಇಪ್ಪತ್ತೈದು ಆದೇಶ. ಒಂದು ಸೈಕಲ್ ಆಚೀಚೆ ಆದರೂ ಚಿತ್ರ ಸೊಟ್ಟಗಾಗುತ್ತದೆ. ಒಂದು ಚೌಕಟ್ಟಿನ (ಪರದೆಯ ಒಂದು ಪೂರ್ತಿ ಚಿತ್ರದ) 262 ಗೆರೆಗಳಲ್ಲಿ ಸುಮಾರು 192 ಚಿತ್ರಕ್ಕೇ ಹೋಗುತ್ತವೆ. ಕಿರಣ ಪರದೆಯ ಹೊರಗಿರುವ ಉಳಿದ 70 ಗೆರೆಗಳ ಹೊತ್ತಿನಲ್ಲಿ ಆಟದ ಲೆಕ್ಕಾಚಾರ ಎಲ್ಲ ಮುಗಿಯಬೇಕು. ಸೆಕೆಂಡಿಗೆ 60 ಸಲ ಇದೇ ಪಾಡು.

ಈಗ ಪ್ಯಾಕ್‌ಮ್ಯಾನ್ ವಿಷಯಕ್ಕೆ ಬರೋಣ. 1982ರಲ್ಲಿ ಬಂದ 2600ರ ಪ್ಯಾಕ್‌ಮ್ಯಾನ್ ಆ ಯಂತ್ರದ ಅತಿ ಹೆಚ್ಚು ಮಾರಾಟವಾದ ಗೇಮ್. ತುಂಬಾ ಬೈಗುಳ ತಿಂದ ಗೇಮ್ ಕೂಡ ಹೌದು. ಅದರಲ್ಲಿ ನಾಲ್ಕು ದೆವ್ವಗಳೂ ಸದಾ ಮಿನುಗುತ್ತಿದ್ದವು. ಕಾರಣ ಸರಳ. ಟಿಐಎ ಚಿಪ್‌ಗೆ ಪಾತ್ರಗಳಿಗೆಂದು ಇರುವ ಸ್ಪ್ರೈಟ್ (ಪರದೆಯಲ್ಲಿ ಓಡಾಡಿಸಬಹುದಾದ ಸಣ್ಣ ಚಿತ್ರ) ಎರಡೇ. ಒಂದು ಪ್ಯಾಕ್‌ಮ್ಯಾನ್‌ಗೆ ಹೋಯಿತು. ಉಳಿದ ಒಂದನ್ನು ನಾಲ್ಕು ದೆವ್ವಗಳು ಹಂಚಿಕೊಂಡವು. ಹಾಗಾಗಿ ಒಂದೊಂದು ದೆವ್ವ ನಾಲ್ಕು ಚೌಕಟ್ಟಿಗೊಮ್ಮೆ ಮಾತ್ರ ಕಾಣಿಸುತ್ತಿತ್ತು. ಕಡಿಮೆ ಸಮಯ, 4 ಕಿಲೋಬೈಟ್ ಜಾಗ. ಅಂದಿನ ಕೆಲಸದ ಒತ್ತಡ ಗೊತ್ತಿದ್ದವರು ಯಾರನ್ನೂ ಬೈಯಲಾರರು.

ಇಪ್ಪತ್ತು-ಇಪ್ಪತ್ತೈದು ವರ್ಷದ ಮೇಲೆ ಹೋಮ್‌ಬ್ರೂ ಬರೆಯುವವರು ಅದೇ ಯಂತ್ರ, ಅದೇ 4 ಕಿಲೋಬೈಟ್ ಇಟ್ಟುಕೊಂಡು ಪ್ಯಾಕ್‌ಮ್ಯಾನ್ ಮತ್ತೆ ಬರೆದರು. ಕಿರಣ ಮೇಲಿಂದ ಕೆಳಗೆ ಬರುವಾಗ ಒಂದೇ ಸ್ಪ್ರೈಟನ್ನು ಬೇರೆ ಬೇರೆ ಎತ್ತರದಲ್ಲಿ ಮತ್ತೆ ಬಳಸಬಹುದು, ಅಲ್ವಾ? ಮೇಲೊಂದು ದೆವ್ವ ಮುಗಿದ ಮೇಲೆ ಅದೇ ಸ್ಪ್ರೈಟನ್ನು ಬೇರೆ ಕಡೆಗೆ ಸರಿಸಿ ಕೆಳಗಿನ ದೆವ್ವ ಬರೆಯಬಹುದು. ದೆವ್ವಗಳು ಒಂದೇ ಎತ್ತರಕ್ಕೆ ಬಂದಾಗ ಮಾತ್ರ ಮಿನುಗಿಸಿದರೆ ಸಾಕು. ಈ ತಂತ್ರವನ್ನು ಹಳೆ ಕಾಲದ ಕೆಲವು ಗೇಮ್‌ಗಳೂ ಬಳಸಿದ್ದವು. ಅದನ್ನು ಬಿಡಿಸಿ, ಅರ್ಥ ಮಾಡಿಕೊಂಡು, ಬರೆದಿಟ್ಟು ಎಲ್ಲರಿಗೂ ಹಂಚಿದ್ದು ಹವ್ಯಾಸಿಗಳು. ನನ್ನ ಮಟ್ಟಿಗೆ ಹೋಮ್‌ಬ್ರೂನ ದೊಡ್ಡ ಕೊಡುಗೆ ಇದೇ. ಒಂದು ಕಂಪನಿಯ ನಾಲ್ಕು ಗೋಡೆಯೊಳಗಿದ್ದ ಕಸುಬು ಊರವರ ಕಸುಬಾಯಿತು. 1979ರಲ್ಲಿ ಅಟಾರಿಯ ಒಳಗಿನವರಿಗಾಗಿ ಬರೆದ ಕೈಪಿಡಿ ತೊಂಬತ್ತರ ದಶಕದಲ್ಲಿ ಹವ್ಯಾಸಿಗಳ ಕೈಗೆ ಬಂತು. ಸ್ಟೆಲ್ಲಾ ಎಂಬ ಎಮ್ಯುಲೇಟರ್, ಅಂದರೆ ಹಳೆ ಯಂತ್ರದಂತೆಯೇ ನಡೆದುಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಂ, ಬಂತು. ಆಮೇಲೆ ಬಟಾರಿ ಬೇಸಿಕ್ ಬಂತು. ಸೈಕಲ್ ಎಣಿಸುವ ತಾಪತ್ರಯವಿಲ್ಲದೆ ಬೇಸಿಕ್‌ನಂಥ ಸುಲಭ ಭಾಷೆಯಲ್ಲಿ ಗೇಮ್ ಬರೆಯುವುದು ಅದರಿಂದ ಸಾಧ್ಯವಾಯಿತು. 2010ರಲ್ಲಿ ಮೈಕ್ರೋಸಾಫ್ಟ್‌ನ ಮಾಜಿ ಉಪಾಧ್ಯಕ್ಷ ಎಡ್ ಫ್ರೈಸ್ ‘ಹೇಲೋ 2600’ ಬರೆದರು. ಮುಂದೆ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ಸಂಗ್ರಹಕ್ಕೂ ಸೇರಿತು.

ಇಷ್ಟರಲ್ಲಿ ಹೋಮ್‌ಬ್ರೂ ಒಳಗೇ ಇನ್ನೊಂದು ಜಗಳ ಹುಟ್ಟಿತ್ತು. ಹೊಸ ಕಾರ್ಟ್ರಿಜ್ ಬೋರ್ಡ್‌ಗಳಲ್ಲಿ ಎಆರ್‌ಎಂ ಪ್ರೊಸೆಸರ್ ಕೂರಿಸತೊಡಗಿದರು. ಯಂತ್ರದ ಪ್ರೊಸೆಸರ್ ಓಡುವುದು 1.19 ಮೆಗಾಹರ್ಟ್ಸ್‌ನಲ್ಲಿ, ಕಾರ್ಟ್ರಿಜ್‌ನ ಒಳಗಿನದು ಅದರ ಹತ್ತಾರು ಪಟ್ಟು ವೇಗದಲ್ಲಿ. ಇದು ಅಟಾರಿ ಗೇಮೇ ಅಲ್ಲ ಅಂದರು ಸಂಪ್ರದಾಯಸ್ಥರು. ಆದರೆ 1984ರಲ್ಲಿ ಆಕ್ಟಿವಿಷನ್‌ನ ‘ಪಿಟ್‌ಫಾಲ್ 2’ ಕಾರ್ಟ್ರಿಜ್‌ನಲ್ಲೂ ಚಿತ್ರ ಮತ್ತು ಸಂಗೀತಕ್ಕೆ ಹೆಚ್ಚುವರಿ ಚಿಪ್ ಇತ್ತು. ಲೆಕ್ಕ ಎಲ್ಲಿ ಆದರೂ ಕೊನೆಗೆ ಚಿತ್ರ ಬರೆಯುವುದು ಅದೇ ಟಿಐಎ, ಅದೇ ಎರಡು ಸ್ಪ್ರೈಟ್. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಪೆಟ್ಟಿಗೆಯ ಮೇಲೆ ಎಆರ್‌ಎಂ ಇದೆ ಎಂದು ಬರೆದರೆ ಸಾಕು.

ಬೇರೆ ಯಂತ್ರಗಳ ಕಥೆ ಚುಟುಕಾಗಿ ಹೇಳಬಹುದು. ಅಟಾರಿ ಜಾಗ್ವಾರ್‌ನ ಹಕ್ಕು ಕೈಯಲ್ಲಿದ್ದ ಹ್ಯಾಸ್‌ಬ್ರೋ 1999ರಲ್ಲಿ ಅದನ್ನು ಎಲ್ಲರಿಗೂ ಮುಕ್ತ ಎಂದು ಘೋಷಿಸಿತು. ಅಂಥ ಮನಸ್ಸು ಮಾಡಿದ ಕಂಪನಿಗಳು ಕಡಿಮೆ. ಸೋನಿ ತೊಂಬತ್ತರ ದಶಕದಲ್ಲೇ ನೆಟ್ ಯರೋಜ್ ಎಂಬ ಕಪ್ಪು ಪ್ಲೇಸ್ಟೇಷನ್ ಮಾಡಿ ಹವ್ಯಾಸಿಗಳಿಗೆ ಮಾರಿತ್ತು. ಸೆಗಾ ಡ್ರೀಮ್‌ಕಾಸ್ಟ್‌ನಲ್ಲಿ ಮನೆಯಲ್ಲಿ ಬರೆದ ಸಿಡಿಯೇ ಓಡುತ್ತಿತ್ತು, ಹಾಗಾಗಿ 2001ರಲ್ಲಿ ಅದು ನಿಂತ ಮೇಲೂ ಗೇಮ್ ಬರುತ್ತಲೇ ಇದ್ದವು. 2019ರಲ್ಲಿ ಜಿಬಿ ಸ್ಟುಡಿಯೋ ಎಂಬ ತಂತ್ರಾಂಶ ಬಂದ ಮೇಲೆ ಕೋಡ್ ಬರೆಯಲು ಬಾರದವರೂ ಗೇಮ್‌ಬಾಯ್‌ಗೆ ಗೇಮ್ ಮಾಡಬಹುದು.

ಎನ್‌ಇಎಸ್ ವಿಷಯ ನಮಗೆ ಸ್ವಲ್ಪ ಹತ್ತಿರದ್ದು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದ ವಿಡಿಯೋ ಗೇಮ್‌ಗಳು ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ಮಾರಿಯೋ, ಕಾಂಟ್ರಾ ಆಡಿದವರೆಲ್ಲ ಆಡಿದ್ದು ಅದರಲ್ಲೇ. ಕಾರ್ಟ್ರಿಜ್‌ಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ‘9999 ಇನ್ 1’ ಎಂದು ಬರೆದಿರುತ್ತಿತ್ತು, ಒಳಗೆ ಅವೇ ಹತ್ತಿಪ್ಪತ್ತು ಗೇಮ್ ಬೇರೆ ಬೇರೆ ಹೆಸರಲ್ಲಿ ಸುತ್ತುತ್ತಿದ್ದವು. ಅದು ಪೈರಸಿ, ಅನುಮಾನವೇ ಇಲ್ಲ. ಬೇರೆಯವರ ಗೇಮನ್ನು ಇದ್ದದ್ದು ಇದ್ದಹಾಗೇ ಚಿಪ್‌ಗೆ ಇಳಿಸಿ ಮಾರಿದ್ದು. ಹೋಮ್‌ಬ್ರೂನಲ್ಲಿ ಆಗುವುದು ಅದರ ತದ್ವಿರುದ್ಧ. ಗೇಮ್ ಹೊಸದು, ಬರೆದವರ ಹೆಸರು ಮುಂದೆಯೇ ಇರುತ್ತದೆ. ಮಾರ್ಫ್‌ಕ್ಯಾಟ್ ಗೇಮ್ಸ್ 2019ರಲ್ಲಿ ತಂದ ‘ಮೈಕ್ರೋ ಮೇಜಸ್’ ನೋಡಿ. ನಾಲ್ಕು ಜನ ಒಟ್ಟಿಗೆ ಆಡುವ ಇಡೀ ಗೇಮ್ 40 ಕಿಲೋಬೈಟ್‌ನಲ್ಲಿದೆ. ಜಾಗ ಉಳಿಸಲು ಪರದೆಯ ಅರ್ಧ ಭಾಗ ಮಾತ್ರ ಇಟ್ಟುಕೊಂಡು, ಉಳಿದರ್ಧವನ್ನು ಕನ್ನಡಿಯ ಹಾಗೆ ತಿರುಗಿಸಿ ತುಂಬಿದ್ದಾರೆ. ನಮ್ಮ ಆ ನಕಲು ಯಂತ್ರಗಳಲ್ಲೂ ಫ್ಯಾಮಿಕಾಮ್‌ನಂತೆ ಬೀಗದ ಚಿಪ್ ಇಲ್ಲ. ಪಿನ್ ಹೊಂದುವ ಕ್ಯಾಸೆಟ್ ಸಿಕ್ಕರೆ, ಅಟ್ಟದ ಮೇಲಿರುವ ಆ ಡಬ್ಬಿಯಲ್ಲಿ ಇಂಥ ಗೇಮ್ ಓಡಲು ಯಾವ ಬೀಗವೂ ಅಡ್ಡ ಬರುವುದಿಲ್ಲ.

ಇನ್ನು ದುಡ್ಡಿನ ಮಾತು. ಮೊದಮೊದಲು ಹೋಮ್‌ಬ್ರೂ ಫೈಲ್ ಪುಕ್ಕಟೆ ಸಿಗುತ್ತಿತ್ತು, ಕಾರ್ಟ್ರಿಜ್ ಬೇಕಾದವರು ಖರ್ಚು ಕೊಡುತ್ತಿದ್ದರು. ಬರಬರುತ್ತ ಕೆಲವರು ಕೆಲವೇ ಪ್ರತಿ ಮಾಡಿ, ಫೈಲ್ ಹಂಚದೆ, ದುಬಾರಿಗೆ ಮಾರತೊಡಗಿದರು. ವರ್ಷಗಟ್ಟಲೆ ದುಡಿದವರಿಗೆ ಕಾಸು ಬರಲಿ, ಅದು ನ್ಯಾಯ. ಆದರೆ ಫೈಲ್ ಎಲ್ಲೂ ಇಲ್ಲದ ಗೇಮ್, ಆ ಕೆಲವು ಪ್ರತಿಗಳು ಕೆಟ್ಟ ದಿನ ಇಲ್ಲವಾಗುತ್ತದೆ. ಗೇಮ್ ತುಂಬಿಟ್ಟ ಫ್ಲ್ಯಾಶ್ ಚಿಪ್ ಶಾಶ್ವತವಲ್ಲ. ಫೈಲನ್ನೂ ಮಾರುವ ದಾರಿ ಇದೆ, ಮೈಕ್ರೋ ಮೇಜಸ್ ಮಾಡಿದ್ದು ಅದನ್ನೇ.

ಉಳಿದದ್ದು ಆ ಎರಡನೇ ಪ್ರಶ್ನೆ. ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ. ಪಾತ್ರ, ಚಿತ್ರ, ಸಂಗೀತಕ್ಕೆ ಇದೆ. ಹೆಸರಿಗೆ ಟ್ರೇಡ್‌ಮಾರ್ಕ್ ಇರುತ್ತದೆ. ಗೆರೆ ಎಲ್ಲಿ ಎಳೆಯಬೇಕು ಎಂಬ ಜಗಳ ಹೊಸದೇನಲ್ಲ. ಪ್ಯಾಕ್‌ಮ್ಯಾನ್ ಹೋಲುವ ‘ಕೆ.ಸಿ. ಮಂಚ್ಕಿನ್’ ವಿರುದ್ಧ ಅಟಾರಿ 1982ರಲ್ಲೇ ಅಮೆರಿಕದ ಕೋರ್ಟಿನಲ್ಲಿ ಗೆದ್ದಿತ್ತು. ಅಲ್ಲಿ ಕಂಪನಿ ಮಾಡಿಸಿದ ಕೃತಿಗೆ ಪ್ರಕಟಣೆಯಿಂದ 95 ವರ್ಷ ಕಾಪಿರೈಟ್. 1980ರ ಪ್ಯಾಕ್‌ಮ್ಯಾನ್‌ಗೆ 2075 ಮುಗಿಯುವವರೆಗೆ. ಅಷ್ಟು ಹೊತ್ತಿಗೆ ಅದನ್ನು ಆಡಿ ಬೆಳೆದವರು ಇರುವುದಿಲ್ಲ. ಈ ಅವಧಿ ವಿಪರೀತ ಜಾಸ್ತಿ ಎಂದೇ ನನಗೆ ಅನಿಸುತ್ತದೆ. ಹಾಗೆಂದು ಮಾಲೀಕರನ್ನು ಕೇಳದೆ ಅವರ ಪಾತ್ರವನ್ನು ಮಾರುವುದೂ ಸರಿಯಲ್ಲ. ಈಗ ಹೆಸರು, ಚಿತ್ರ ಬದಲಿಸಿ ತರುವವರಿದ್ದಾರೆ. ಪೂರ್ತಿ ಹೊಸದೇ ಬರೆಯುವವರಿದ್ದಾರೆ. 2023ರಲ್ಲಿ ಅಟಾರಿ ತಾನೇ ‘ಮಿಸ್ಟರ್ ರನ್ ಆ್ಯಂಡ್ ಜಂಪ್’ ಎಂಬ ಹೊಸ ಗೇಮನ್ನು 2600 ಕಾರ್ಟ್ರಿಜ್‌ನಲ್ಲಿ ಮಾರಿತು. ಅದು ಶುರುವಾದದ್ದು ಒಬ್ಬ ಹವ್ಯಾಸಿಯ ಹೋಮ್‌ಬ್ರೂ ಆಗಿಯೇ.

ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ಅಟಾರಿ 2600+ ಎಂಬ ಹೊಸ ಯಂತ್ರ ತಂದಿತು. ಹಳೆ ಕಾರ್ಟ್ರಿಜ್ ಹಾಕಿದರೆ ಅದರ ಒಳಗಿನದನ್ನು ಮೊದಲು ಓದಿಕೊಂಡು, ಆಮೇಲೆ ಎಮ್ಯುಲೇಟರ್‌ನಲ್ಲಿ ಓಡಿಸುತ್ತದೆ. ಆ ಎಮ್ಯುಲೇಟರ್ ಹವ್ಯಾಸಿಗಳು ಕಟ್ಟಿದ ಸ್ಟೆಲ್ಲಾ. ಮೊದಲು ಮಾರುಕಟ್ಟೆಗೆ ಬಂದಾಗ ಎಆರ್‌ಎಂ ಚಿಪ್ ಇದ್ದ ಹಲವು ಹೋಮ್‌ಬ್ರೂ ಕಾರ್ಟ್ರಿಜ್‌ಗಳು ಅದರಲ್ಲಿ ಓಡಲಿಲ್ಲ. ಆಮೇಲೆ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಅಪ್‌ಡೇಟ್‌ಗಳಲ್ಲಿ ಹೊಂದಾಣಿಕೆ ಸುಧಾರಿಸುತ್ತ ಬಂದಿದೆ.