ಕುರಿ ಲಿವರ್‌ನಲ್ಲಿ ಹುಳ ಸಿಕ್ಕರೆ ನಮಗೂ ಬರುತ್ತಾ?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ನಾಲೆ ಬಯಲಿನ ಊರು. ಹಬ್ಬಕ್ಕೆ ಕುರಿ ಕೊಯ್ದಾಗ ಲಿವರ್ ಒಳಗೆ ಎಲೆಯಂಥ ಚಪ್ಪಟೆ ಹುಳ ಕಂಡವು. ಕೆಟ್ಟ ಭಾಗ ತೆಗೆದು ಉಳಿದದ್ದನ್ನು ಬೇಯಿಸಿ ತಿಂದೆವು. ನಮಗೂ ಲಿವರ್ ಹುಳ ಬರುತ್ತಾ? ಬಂದರೆ ಏನಾಗುತ್ತದೆ?

ಉತ್ತರ: ಆ ಲಿವರ್ ತಿಂದಿದ್ದರಿಂದ ಬರುವುದಿಲ್ಲ. ಬೆಳೆದ ಹುಳವಾಗಲಿ ಅದರ ಮೊಟ್ಟೆಯಾಗಲಿ ನಮ್ಮ ಹೊಟ್ಟೆಗೆ ಹೋದರೆ ಅಲ್ಲಿ ಬೆಳೆಯುವುದಿಲ್ಲ. ಮೊಟ್ಟೆಗಳು ಹಾಗೇ ಮಲದಲ್ಲಿ ಹೊರಗೆ ಹೋಗುತ್ತವೆ. ಒಂದೇ ತೊಡಕು. ಆ ದಿನಗಳಲ್ಲಿ ಮಲ ಪರೀಕ್ಷೆ ಮಾಡಿಸಿದರೆ ರೋಗ ಇಲ್ಲದಿದ್ದರೂ ಮೊಟ್ಟೆ ಕಾಣಬಹುದು. ಕೆಲವು ದಿನ ಲಿವರ್ ತಿನ್ನುವುದು ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ನಿಜ ಗೊತ್ತಾಗುತ್ತದೆ.

ನೀವು ನೋಡಬೇಕಾದದ್ದು ಬಾಣಲೆಯನ್ನಲ್ಲ, ನಾಲೆ ಅಂಚಿನ ಸೊಪ್ಪನ್ನು. ದನ, ಎಮ್ಮೆ, ಕುರಿಯ ಸಗಣಿ ಹಿಕ್ಕೆಯಲ್ಲಿ ಹೊರಬಂದ ಮೊಟ್ಟೆ ನೀರಿನಲ್ಲಿ ಒಡೆಯುತ್ತದೆ. ಮರಿ ಒಂದು ಜಾತಿಯ ಸಣ್ಣ ಬಸವನಹುಳುವಿನೊಳಗೆ ಸೇರಿ, ಅಲ್ಲಿ ಒಂದಕ್ಕೆ ನೂರಾರಾಗಿ ಹೊರಬಂದು, ನೀರಂಚಿನ ಗಿಡಗಳಿಗೆ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ದನ ಮೇಯುವ ಜಾಗದಲ್ಲಿ ಕಿತ್ತ ಒಂದೆಲಗವನ್ನು ಹಸಿಯಾಗಿ ಚಟ್ನಿಗೆ ರುಬ್ಬಿದರೆ ಅದು ಒಳಗೆ ಹೋಗುವ ದಾರಿ ಸಿಕ್ಕಂತೆ. ತೊಳೆದರೆ ಸಾಲದು, ಅದು ಬಿಗಿಯಾಗಿ ಅಂಟಿರುತ್ತದೆ. ಹೊನಗೊನೆ ಸೊಪ್ಪನ್ನು ಬೇಯಿಸಿ ಬಸ್ಸಾರು ಮಾಡುವವರಿಗೆ ಈ ಚಿಂತೆ ಇಲ್ಲ. ಕುದಿಸದ ನಾಲೆ ನೀರು ಕುಡಿದರೂ ಬರಬಹುದು.

ಹೊಟ್ಟೆಗೆ ಹೋದ ಮರಿ ಸಣ್ಣ ಕರುಳನ್ನು ತೂರಿ ಆಚೆ ಬರುತ್ತದೆ. ಲಿವರ್‌ನ ಹೊದಿಕೆ ಕೊರೆದು ಒಳಗೆ ನುಗ್ಗುತ್ತದೆ. 6ರಿಂದ 8 ವಾರ ಮಾಂಸ ತಿನ್ನುತ್ತಾ ಅಲೆಯುತ್ತದೆ. ಜ್ವರ, ಬಲ ಪಕ್ಕೆಯ ಕೆಳಗೆ ನೋವು, ರಕ್ತದಲ್ಲಿ ಇಯೋಸಿನೊಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಜಾಸ್ತಿ, ಇವು ಈ ಹೊತ್ತಿನ ಗುರುತುಗಳು.

ಆಮೇಲೆ ಅದು ಪಿತ್ತನಾಳ ಸೇರುತ್ತದೆ. ನಾಳ ಅಂದರೆ ಲಿವರ್‌ನಲ್ಲಿ ತಯಾರಾದ ಪಿತ್ತವನ್ನು ಕರುಳಿಗೆ ಸಾಗಿಸುವ ಕಾಲುವೆ. ಇಲ್ಲಿ ಹುಳ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಮೈಮೇಲೆ ಸಣ್ಣ ಮುಳ್ಳುಗಳಿರುವುದರಿಂದ ಅಲುಗಾಡಿದಾಗಲೆಲ್ಲ ನಾಳದ ಒಳಪದರ ಕೆರೆಯುತ್ತದೆ. ಅದು ಬಿಡುವ ಕೊಳೆಯೂ ಕೆರಳಿಸುತ್ತದೆ. ಗಾಯ ಮಾಯುವಾಗ ಒಳಪದರ ಅತಿಯಾಗಿ ಬೆಳೆಯುತ್ತದೆ, ಗೋಡೆ ದಪ್ಪವಾಗಿ ನಾರುಗಟ್ಟುತ್ತದೆ. ದನಗಳಲ್ಲಿ ಅದಕ್ಕೆ ಸುಣ್ಣವೂ ಸೇರುತ್ತದೆ. ಕೊಯ್ಯುವವರ ಚಾಕು ಕರಕರ ಅನ್ನುವುದು ಅದಕ್ಕೇ. ಹುಳ, ಮೊಟ್ಟೆ, ಉದುರಿದ ಪದರ ಎಲ್ಲ ಸೇರಿ ಪಿತ್ತ ಮುಂದೆ ಹೋಗದಂತೆ ತಡೆದರೆ ಹಿಂದಿನ ನಾಳ ಹಿಗ್ಗುತ್ತದೆ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳಿಚು, ಮೈತುಂಬ ನವೆ. ನಿಂತ ಪಿತ್ತದಲ್ಲಿ ಸೋಂಕು ಹತ್ತಿದರೆ ಚಳಿಜ್ವರ ಬರುತ್ತದೆ. ಆಗ ತಡ ಮಾಡದೆ ಆಸ್ಪತ್ರೆಗೆ ಹೋಗಲೇಬೇಕು.

ಇದೆಲ್ಲ ಪಿತ್ತಕೋಶದ ಕಲ್ಲಿನ ಲಕ್ಷಣದಂತೆಯೇ ಕಾಣುತ್ತದಲ್ವಾ? ಕಲ್ಲು ತೆಗೆಯಲು ಎಂಡೋಸ್ಕೋಪ್ ಹಾಕಿದಾಗ ಹುಳ ಹೊರಬಂದ ಪ್ರಕರಣಗಳೂ ಇವೆ. ನಮ್ಮ ದೇಶದಲ್ಲಿ ಮನುಷ್ಯರಲ್ಲಿ ಇದು ಅಪರೂಪ. ಹಾಗಾಗಿಯೇ ನಾಲೆ ಊರಿನವರೆಂದು, ಹಸಿ ಸೊಪ್ಪು ತಿನ್ನುತ್ತೀರೆಂದು ವೈದ್ಯರಿಗೆ ನೀವೇ ಹೇಳಬೇಕು.

ಲಿವರ್ ಹುಳದಿಂದ ಕ್ಯಾನ್ಸರ್ ಬರುತ್ತದೆಂದು ನೀವು ಓದಿರಬಹುದು. ಅದು ಥೈಲ್ಯಾಂಡ್, ಲಾವೋಸ್, ಚೀನಾ, ಕೊರಿಯಾ ಕಡೆ ಹಸಿ ಮೀನಿನಿಂದ ಬರುವ ಬೇರೆ ಹುಳಗಳ ವಿಷಯ. ಥೈಲ್ಯಾಂಡಿನ ಹುಳವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಕ್ಯಾನ್ಸರ್‌ಕಾರಕ ಅಂದಿತು. ನಮ್ಮ ಮೀನು ಸಾರು ಚೆನ್ನಾಗಿ ಕುದಿಯುತ್ತದೆ, ಅದಕ್ಕೆ ಹೆದರಬೇಡಿ.

ಚಿಕಿತ್ಸೆಗೆ ಟ್ರೈಕ್ಲಾಬೆಂಡಜೋಲ್ ಅನ್ನುವ ಔಷಧಿ ಇದೆ, ವೈದ್ಯರೇ ತೂಕ ನೋಡಿ ಕೊಡಬೇಕು. ಶಾಲೆಯಲ್ಲಿ ಜಂತುಹುಳಕ್ಕೆ ಕೊಡುವ ಆಲ್ಬೆಂಡಜೋಲ್ ಇದಕ್ಕೆ ಸಾಲುವುದಿಲ್ಲ. ಕುರಿಗೆ ಕುಡಿಸುವ ಬಾಟಲಿಯಿಂದ ಸುಮ್ನೆ ಒಂದು ಮುಚ್ಚಳ ಕುಡಿಯುವ ಸಾಹಸವಂತೂ ಬೇಡವೇ ಬೇಡ.